ನಿರ್ಬಂಧ ಹೇರುವುದು ಸುಲಭ, ತೆಗೆಯುವುದು ಕಷ್ಟ: ಪರಮಾಣು ವಿವಾದಗಳಲ್ಲಿ ಒತ್ತಡ ಮತ್ತು ಮಾತುಕತೆ

ಜಮಖಂಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರಿಗೆ ನಾನು ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತೇನೆ. ಇರಾನ್ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಸರ್, ಇಷ್ಟೊಂದು ನಿರ್ಬಂಧ ಹೇರಿದರೂ ಇರಾನ್ ಯುರೇನಿಯಂ ಕೆಲಸ ನಿಲ್ಲಿಸಲಿಲ್ಲವಲ್ಲ, ಮತ್ತೆ ಅದರಿಂದ ಉಪಯೋಗವೇನು?" ಅದರ ಬೆನ್ನಿಗೇ ಇನ್ನೊಬ್ಬರು: "ಮಾತುಕತೆಯಿಂದಲೂ ನಿಲ್ಲಲಿಲ್ಲವಲ್ಲ, ಸರ್?" ಎರಡೂ ನ್ಯಾಯವಾದ ಪ್ರಶ್ನೆಗಳು. ಉತ್ತರಪತ್ರಿಕೆಯಲ್ಲಿ ನಿರ್ಬಂಧದ ಗುಣಗಳು ಒಂದು ಕಡೆ, ರಾಜತಂತ್ರದ ಗುಣಗಳು ಇನ್ನೊಂದು ಕಡೆ ಎಂದು ಬರೆದಿಟ್ಟರೆ ಅಂಕ ಸಿಗಬಹುದು, ಆದರೆ ವಿಷಯ ತಿಳಿಯುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಂತಹ ಎರಡು ದಾರಿಗಳು ಇವಲ್ಲ. ನಿರ್ಬಂಧವೆನ್ನುವುದು ಮಾತುಕತೆಗೆ ಕುಳಿತಾಗ ಎದುರಾಳಿಗೆ ಬಿಟ್ಟುಕೊಡಬಹುದಾದ ಸರಕು. ಬಿಟ್ಟುಕೊಡುವ ಮನಸ್ಸೋ ಶಕ್ತಿಯೋ ಇಲ್ಲದವನ ಕೈಯಲ್ಲಿ ಆ ಸರಕಿಗೆ ಬೆಲೆಯಿಲ್ಲ. ಕಳೆದ ಮೂವತ್ತು ವರ್ಷಗಳ ಪರಮಾಣು ವಿವಾದಗಳನ್ನು ಓದುತ್ತಾ ಓದುತ್ತಾ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು. ಏಕೆಂದು ವಿವರಿಸುತ್ತೇನೆ.

ಮೊದಲು ಯುರೇನಿಯಂ ವಿಷಯ ತಿಳಿಯಬೇಕು, ಇಲ್ಲದಿದ್ದರೆ ಪತ್ರಿಕೆಯಲ್ಲಿ ಬರುವ ಶೇಕಡಾವಾರು ಅಂಕಿಗಳು ಬರೀ ಅಂಕಿಗಳಾಗಿಯೇ ಉಳಿಯುತ್ತವೆ. ಬೆಳಗಾವಿಗೆ ಹೊಂದಿಕೊಂಡ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ರಿಯಾಕ್ಟರ್‌ಗಳಿವೆ. ಅವು ಭಾರಜಲ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು, ಬಳಸುತ್ತವೆ. ಹಾಗಾಗಿ ನಿಸರ್ಗದಲ್ಲಿ ಸಿಗುವ ಪ್ರಮಾಣದ ಯುರೇನಿಯಂ ಇಂಧನವೇ ಅವುಗಳಿಗೆ ಸಾಕು. ನಿಸರ್ಗದ ಯುರೇನಿಯಂನಲ್ಲಿ ಸಾವಿರ ಪರಮಾಣುಗಳಿಗೆ ಏಳು ಮಾತ್ರ 235 ಎಂಬ ಜಾತಿಯವು, ಉಳಿದವೆಲ್ಲ ಹೆಚ್ಚುಕಡಿಮೆ 238. ಸುಲಭವಾಗಿ ಸೀಳಿ ಶಕ್ತಿ ಕೊಡುವುದು 235. ಜಗತ್ತಿನ ಬಹುಪಾಲು ರಿಯಾಕ್ಟರ್‌ಗಳು ಸಾಮಾನ್ಯ ನೀರನ್ನೇ ಬಳಸುವುದರಿಂದ ಅವುಗಳ ಇಂಧನದಲ್ಲಿ 235ರ ಪ್ರಮಾಣ ಶೇ 3ರಿಂದ 5ರಷ್ಟು ಇರಬೇಕಾಗುತ್ತದೆ. ಬಾಂಬಿಗೆ ಶೇ 90ರಷ್ಟು ಬೇಕು ಎಂಬುದು ರೂಢಿಯ ಲೆಕ್ಕ. ಈ ಪ್ರಮಾಣ ಏರಿಸುವ ಕೆಲಸಕ್ಕೆ ಸಂವರ್ಧನೆ ಎನ್ನುತ್ತಾರೆ. ಯುರೇನಿಯಂ ಅನ್ನು ಅನಿಲರೂಪಕ್ಕೆ ತಂದು, ಸೆಂಟ್ರಿಫ್ಯೂಜ್ ಎಂಬ ಉದ್ದನೆಯ ಕೊಳವೆಯಲ್ಲಿ ಅತಿವೇಗವಾಗಿ ತಿರುಗಿಸಿ, ತುಸು ಭಾರದ 238ನ್ನು ಅಂಚಿಗೆ ಸರಿಸಿ, ನಡುವಿನಲ್ಲಿ ಉಳಿದದ್ದನ್ನು ಮುಂದಿನ ಕೊಳವೆಗೆ ದಾಟಿಸುತ್ತಾರೆ. ಇಂತಹ ಸಾವಿರಾರು ಕೊಳವೆಗಳ ಸಾಲು ಬೇಕು.

ಬೆಲ್ಲ ಮಾಡುವ ಗಾಣದ ಮನೆಗಳನ್ನು ನೋಡಿದ ಮುಧೋಳ, ಮಹಾಲಿಂಗಪುರದ ಕಡೆಯವರಿಗೆ ಇದರ ಲೆಕ್ಕ ಬೇಗ ತಿಳಿಯುತ್ತದೆ. ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದಾಗ ಅದರಲ್ಲಿ ಬಹುಪಾಲು ನೀರೇ ಇರುತ್ತದೆ. ಉರಿ, ಸಮಯ ಎರಡೂ ಹೆಚ್ಚು ಖರ್ಚಾಗುವುದು ಆ ನೀರನ್ನು ಆವಿ ಮಾಡುವಾಗ. ಪಾಕ ಗಟ್ಟಿಯಾಗುತ್ತಾ ಬಂದ ಮೇಲೆ ಬೆಲ್ಲದ ಹದಕ್ಕೆ ಬರಲು ಬಹಳ ಹೊತ್ತು ಬೇಕಿಲ್ಲ. ಯುರೇನಿಯಂ ಕೂಡ ಹೀಗೆಯೇ. ಒಂದೂ 235 ಪರಮಾಣು ನಷ್ಟವಾಗುವುದಿಲ್ಲ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಸಾವಿರದಲ್ಲಿರುವ ಏಳು 235ನ್ನು ಶೇ 4ಕ್ಕೆ ಏರಿಸಲು 825 ಪರಮಾಣುಗಳನ್ನು ಹೊರಹಾಕಬೇಕು, 175 ಉಳಿಯುತ್ತವೆ. ಅಲ್ಲಿಂದ ಶೇ 20ಕ್ಕೆ ಇನ್ನು 140 ತೆಗೆದರೆ ಸಾಕು. ಶೇ 20ರಿಂದ 60ಕ್ಕೆ ಸುಮಾರು 23. ಶೇ 60ರಿಂದ 90ಕ್ಕೆ ಹೆಚ್ಚೆಂದರೆ ನಾಲ್ಕು. ಶೇ 60 ಎಂದರೆ ದಾರಿಯ ಅರ್ಧ ದಾಟಿದಂತೆ ಅಂದುಕೊಳ್ಳುವವರು ತಪ್ಪು ತಿಳಿಯುತ್ತಾರೆ. ಅಲ್ಲಿಗೆ ತಲುಪಿದವನಿಗೆ ಸಂವರ್ಧನೆಯ ದುಡಿಮೆ ಬಹುತೇಕ ಮುಗಿದಿರುತ್ತದೆ.

ಇಡೀ ವಿವಾದದ ಬೇರು ಇಲ್ಲಿದೆ. ವಿದ್ಯುತ್ತಿಗೆ ಇಂಧನ ತಯಾರಿಸುವ ಯಂತ್ರವೇ ಬಾಂಬಿನ ಸಾಮಗ್ರಿಯನ್ನೂ ತಯಾರಿಸಬಲ್ಲದು. ಯಂತ್ರ ನೋಡಿ ಉದ್ದೇಶ ಹೇಳಲು ಬರುವುದಿಲ್ಲ. ಒಳಗೆ ಹೋಗಿ ಅಳೆಯುವ ತನಿಖಾಧಿಕಾರಿ ಬೇಕು, ಆತನನ್ನು ಒಳಗೆ ಬಿಡಲು ಆ ದೇಶ ಒಪ್ಪಬೇಕು.

ಆ ಒಪ್ಪಿಗೆಯ ಚೌಕಟ್ಟೇ 1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ. ಅಣ್ವಸ್ತ್ರ ಇಲ್ಲದ ದೇಶಗಳು ಅದನ್ನು ತಯಾರಿಸುವುದಿಲ್ಲ ಎಂದು ಮಾತು ಕೊಡುತ್ತವೆ, ಬದಲಿಗೆ ಶಾಂತಿಯುತ ಪರಮಾಣು ಶಕ್ತಿಯ ಹಕ್ಕು ಪಡೆಯುತ್ತವೆ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಪಾಸಣೆಗೂ ಒಪ್ಪಿಕೊಳ್ಳುತ್ತವೆ. ಇರಾನ್ ಇದಕ್ಕೆ 1968ರಲ್ಲೇ ಸಹಿ ಹಾಕಿತು. ಭಾರತ ಹಾಕಲೇ ಇಲ್ಲ. ನಮ್ಮ ಕೈಗಾ ಘಟಕಗಳು ಇಂದಿಗೂ ಆ ಸಂಸ್ಥೆಯ ತಪಾಸಣೆಯ ಪಟ್ಟಿಯ ಹೊರಗಿವೆ. ಒಪ್ಪಂದದ ನಾಲ್ಕನೆಯ ವಿಧಿ ಕೊಡುವ ಹಕ್ಕಿನಲ್ಲಿ ಸಂವರ್ಧನೆಯೂ ಸೇರಿದೆ ಎಂಬುದು ಇರಾನಿನ ವಾದ. ಅಲ್ಲಿ ಹಾಗೆ ಬರೆದಿಲ್ಲ ಎಂಬುದು ಅಮೆರಿಕದ ವಾದ. ಆದರೆ ಇರಾನಿನ ಮೇಲೆ ಅನುಮಾನ ಬರಲು ಗಟ್ಟಿ ಕಾರಣವಿತ್ತು. ನತಾಂಜ್‌ನಲ್ಲಿ ಸಂವರ್ಧನಾ ಘಟಕವೂ ಅರಾಕ್‌ನಲ್ಲಿ ಭಾರಜಲದ ಸ್ಥಾವರವೂ ತಲೆಯೆತ್ತುತ್ತಿರುವುದು 2002ರ ಆಗಸ್ಟ್‌ನಲ್ಲಿ ಜಗತ್ತಿಗೆ ಗೊತ್ತಾಯಿತು. ಅದನ್ನು ಹೇಳಿದ್ದು ಇರಾನ್ ಸರ್ಕಾರವಲ್ಲ, ದೇಶದಿಂದ ಹೊರಗಿದ್ದ ಅದರ ವಿರೋಧಿಗಳು. ಅಣ್ವಸ್ತ್ರಕ್ಕೆ ಸಂಬಂಧಿಸಿದ ಸಂಘಟಿತ ಪ್ರಯತ್ನಗಳು 2003ರ ಅಂತ್ಯದವರೆಗೆ ಇರಾನಿನಲ್ಲಿ ನಡೆದಿದ್ದವು ಎಂದು ವಿಯೆನ್ನಾದ ಸಂಸ್ಥೆ 2015ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. ಬಚ್ಚಿಟ್ಟಿದ್ದು ನಿಜ. ಹಾಗೆಂದು ಬಾಂಬ್ ತಯಾರಾಗಿತ್ತು ಎಂದೇನೂ ಆ ವರದಿ ಹೇಳಲಿಲ್ಲ.

ಇನ್ನು ನಿರ್ಬಂಧ. ಹೆಸರು ಒಂದೇ ಆದರೂ ಇದರಲ್ಲಿ ಬೇರೆ ಬೇರೆ ತೂಕದವು ಇವೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇರಿದರೆ ಎಲ್ಲ ಸದಸ್ಯ ದೇಶಗಳೂ ಪಾಲಿಸಬೇಕು. ಅಮೆರಿಕ ತನ್ನ ಪ್ರಜೆಗಳಿಗೆ, ತನ್ನ ಕಂಪನಿಗಳಿಗೆ "ಇವರೊಡನೆ ವ್ಯವಹಾರ ಬೇಡ" ಎಂದರೆ ಅದು ಅವರ ಮನೆಯ ಕಾನೂನು. ನಿಜವಾಗಿ ಕಚ್ಚುವುದು ಮೂರನೆಯದು, ದ್ವಿತೀಯ ಹಂತದ ನಿರ್ಬಂಧ: "ನೀವು ಅಮೆರಿಕದವರಲ್ಲ, ಸರಿ. ಆದರೂ ಇರಾನಿನೊಡನೆ ವ್ಯಾಪಾರ ಮಾಡಿದರೆ ನಮ್ಮ ಡಾಲರ್ ವ್ಯವಸ್ಥೆಯೊಳಗೆ ನಿಮಗೆ ಜಾಗವಿಲ್ಲ." 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು ಸುಡಾನ್, ಇರಾನ್, ಕ್ಯೂಬಾಗಳ ವ್ಯವಹಾರವನ್ನು ಆ ಡಾಲರ್ ವ್ಯವಸ್ಥೆಯ ಮೂಲಕ ನಡೆಸಿದ್ದಕ್ಕೆ ಅಮೆರಿಕಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ತೆತ್ತಿತು. ಆ ಮೊತ್ತ ಕೇಳಿದ ಮೇಲೆ ಯಾವ ಬ್ಯಾಂಕಿನ ವ್ಯವಸ್ಥಾಪಕನೂ ಇರಾನ್ ಹೆಸರಿದ್ದ ಕಡತಕ್ಕೆ ಧೈರ್ಯವಾಗಿ ಸಹಿ ಹಾಕುವಂತಿರಲಿಲ್ಲ.

ಇದೆಲ್ಲ ನ್ಯೂಯಾರ್ಕ್, ಪ್ಯಾರಿಸ್‌ಗಳ ಮಾತು ಎಂದು ನಮ್ಮ ಭಾಗದವರು ತಿಳಿಯಬೇಕಿಲ್ಲ. 2012ರಿಂದ ಭಾರತವು ಇರಾನಿನ ಕಚ್ಚಾತೈಲದ ಹಣದ ಒಂದು ಭಾಗವನ್ನು ರೂಪಾಯಿಯಲ್ಲಿ, ಕೋಲ್ಕತ್ತದ ಯೂಕೋ ಬ್ಯಾಂಕಿನ ಖಾತೆಗೆ ಹಾಕುವ ಏರ್ಪಾಡು ಮಾಡಿಕೊಂಡಿತು. ಡಾಲರ್ ದಾರಿ ಮುಚ್ಚಿದ್ದರಿಂದ ಹುಡುಕಿದ ಒಳದಾರಿ ಅದು. ಆ ರೂಪಾಯಿಯಿಂದ ಇರಾನ್ ಭಾರತದ ಸರಕನ್ನು ಕೊಳ್ಳಬಹುದಿತ್ತು: ಬಾಸುಮತಿ ಅಕ್ಕಿ, ಚಹಾ, ಔಷಧ. 2019ರ ಆರಂಭದಲ್ಲಿ ಈ ಪಟ್ಟಿಗೆ ಸಕ್ಕರೆಯೂ ಸೇರಿತು. ಹಲವು ವರ್ಷಗಳ ಮೇಲೆ ಇರಾನ್ ನಮ್ಮ ಸಕ್ಕರೆ ಕೊಳ್ಳಲು ಬಂತು, ಮುಂದಿನ ಹಂಗಾಮಿನಲ್ಲಿ ಭಾರತದ ಸಕ್ಕರೆಯ ದೊಡ್ಡ ಖರೀದಿದಾರರಲ್ಲಿ ಒಂದಾಯಿತು. ಆದರೆ 2019ರ ಮೇ ತಿಂಗಳಿನಲ್ಲಿ ಇರಾನಿನ ತೈಲ ಕೊಳ್ಳಲು ಭಾರತಕ್ಕೆ ಕೊಟ್ಟಿದ್ದ ವಿನಾಯಿತಿಯನ್ನು ಅಮೆರಿಕ ಹಿಂತೆಗೆದುಕೊಂಡಿತು, ಭಾರತ ಇರಾನಿನ ತೈಲ ಕೊಳ್ಳುವುದನ್ನು ನಿಲ್ಲಿಸಿತು. ತೈಲ ಬರದಿದ್ದರೆ ಖಾತೆಗೆ ಹೊಸ ರೂಪಾಯಿ ಬೀಳುವುದಿಲ್ಲ. ಇದ್ದ ಹಣ ಕರಗುತ್ತಾ ಬಂದು, 2021ರ ಹೊತ್ತಿಗೆ ನಮ್ಮ ರಫ್ತುದಾರರು ಇರಾನಿನೊಡನೆ ಹೊಸ ಕರಾರು ಮಾಡಿಕೊಳ್ಳಲು ಹಿಂಜರಿದರು. ತನ್ನ ಕಬ್ಬಿನಿಂದಾದ ಸಕ್ಕರೆ ಚೀಲ ಯಾವ ಬಂದರಿಗೆ ಹೋಯಿತು ಎಂದು ಗೋಕಾಕದ ಅಥವಾ ರಾಯಬಾಗದ ರೈತನಿಗೆ ಯಾರೂ ಹೇಳುವುದಿಲ್ಲ. ಆದರೆ ರಫ್ತು ನಡೆದರೆ ಕಾರ್ಖಾನೆಯ ಗೋದಾಮು ಖಾಲಿಯಾಗುತ್ತದೆ, ಗೋದಾಮು ಖಾಲಿಯಾದರೆ ಕಬ್ಬಿನ ಬಾಕಿ ಬಿಲ್ಲು ಬರುವ ಆಸೆ ಇರುತ್ತದೆ ಎಂಬುದು ಆತನಿಗೆ ಚೆನ್ನಾಗಿ ಗೊತ್ತು. ಕಬ್ಬು ಬೆಳೆಯುವ ಮನೆಗಳಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ದ್ವಿತೀಯ ಹಂತದ ನಿರ್ಬಂಧವನ್ನು ನಾನು ಈ ಖಾತೆಯ ಮೂಲಕವೇ ವಿವರಿಸುತ್ತೇನೆ.

ಈಗ ಆ ಮೊದಲ ಪ್ರಶ್ನೆಗೆ ಬರೋಣ. ನಿರ್ಬಂಧ ಫಲಿಸಿತೇ?

2003ರಲ್ಲಿ, ವಿಶ್ವಸಂಸ್ಥೆ ಯಾವ ಪರಮಾಣು ನಿರ್ಬಂಧವನ್ನೂ ಹೇರುವ ಮೊದಲೇ, ಬ್ರಿಟನ್, ಫ್ರಾನ್ಸ್, ಜರ್ಮನಿಗಳ ಜೊತೆ ಮಾತಾಡಿ ಇರಾನ್ ತಾತ್ಕಾಲಿಕವಾಗಿ ಸಂವರ್ಧನೆ ನಿಲ್ಲಿಸಿತ್ತು. 2005ರ ಮಾರ್ಚ್‌ನಲ್ಲಿ ಅದು ಮುಂದಿಟ್ಟ ಪ್ರಸ್ತಾವದಲ್ಲಿ ಹಂತಹಂತವಾಗಿ ಸುಮಾರು 3,000 ಸೆಂಟ್ರಿಫ್ಯೂಜ್‌ಗಳ ಮಿತಿಯ ಮಾತಿತ್ತು. ಅಮೆರಿಕ ಮತ್ತು ಯೂರೋಪಿನ ಪಟ್ಟು ಒಂದೇ ಆಗಿತ್ತು: ಸೊನ್ನೆ, ಒಂದು ಯಂತ್ರವೂ ತಿರುಗಬಾರದು. ಮಾತು ಮುರಿಯಿತು. 2006ರ ಏಪ್ರಿಲ್‌ನಲ್ಲಿ ಇರಾನ್ 164 ಸೆಂಟ್ರಿಫ್ಯೂಜ್‌ಗಳ ಸಾಲಿನಲ್ಲಿ ಶೇ 3.5ರ ಸಂವರ್ಧನೆ ಸಾಧಿಸಿದ್ದಾಗಿ ಘೋಷಿಸಿತು. ಆ ವರ್ಷದ ಡಿಸೆಂಬರ್‌ನಿಂದ 2010ರ ಜೂನ್‌ವರೆಗೆ ಭದ್ರತಾ ಮಂಡಳಿ ಒಂದರ ಮೇಲೊಂದು ನಿರ್ಬಂಧದ ನಿರ್ಣಯ ಅಂಗೀಕರಿಸಿತು. 2012ರಲ್ಲಿ ಯೂರೋಪ್ ಇರಾನಿನ ತೈಲವನ್ನು ನಿಷೇಧಿಸಿತು, ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲದಿಂದ ಇರಾನಿನ ಬ್ಯಾಂಕುಗಳನ್ನು ಕಿತ್ತುಹಾಕಲಾಯಿತು. ದಿನಕ್ಕೆ ಸುಮಾರು 25 ಲಕ್ಷ ಬ್ಯಾರೆಲ್ ಇದ್ದ ಇರಾನಿನ ತೈಲ ರಫ್ತು 2013ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು. ಇದೇ ಏಳು ವರ್ಷಗಳಲ್ಲಿ ಸೆಂಟ್ರಿಫ್ಯೂಜ್‌ಗಳ ಸಂಖ್ಯೆ 164ರಿಂದ ಸುಮಾರು 19,000ಕ್ಕೆ ಏರಿತು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ನಿರ್ಬಂಧ ಅರ್ಥವ್ಯವಸ್ಥೆಯನ್ನು ಮುರಿಯಿತು, ಯಂತ್ರಗಳನ್ನು ನಿಲ್ಲಿಸಲಿಲ್ಲ. ಹಾಗಾದರೆ ಏನೂ ಆಗಲಿಲ್ಲವೇ? ಆಯಿತು. ಆರ್ಥಿಕ ಸಂಕಟದ ನಡುವೆಯೇ 2013ರ ಜೂನ್‌ನಲ್ಲಿ ನಡೆದ ಚುನಾವಣೆಯಲ್ಲಿ, ಜಗತ್ತಿನೊಡನೆ ಮಾತಾಡಿ ಜೀವನ ಹಗುರ ಮಾಡುತ್ತೇನೆಂದ ಹಸನ್ ರೂಹಾನಿ ಗೆದ್ದರು. ಆದರೆ ಇದರ ಇನ್ನೊಂದು ಪಕ್ಕವನ್ನು ನಿರ್ಬಂಧದ ಪರವಾದಿಗಳು ಹೇಳುವುದು ಕಡಿಮೆ. ಒಮಾನಿನ ಮಧ್ಯಸ್ಥಿಕೆಯಲ್ಲಿ ಅಮೆರಿಕದ ರಾಜತಂತ್ರಜ್ಞ ವಿಲಿಯಂ ಬರ್ನ್ಸ್ ಮುಂತಾದವರು ಇರಾನಿನವರೊಡನೆ ಗುಟ್ಟಾಗಿ ಮಾತು ಶುರುಮಾಡಿದ್ದು ಆ ಚುನಾವಣೆಗೂ ಮೊದಲೇ. ಮಾತು ಮುಂದೆ ಸಾಗಿದ್ದು ಅಮೆರಿಕ "ಸೊನ್ನೆ"ಯ ಪಟ್ಟನ್ನು ಸಡಿಲಿಸಿದ ಮೇಲೆ. ಮಿತಿಯೊಳಗೆ ಸಂವರ್ಧನೆ ಇರಬಹುದು ಎಂದು ಒಪ್ಪಿದ ಮೇಲೆ ಕಾಗದದ ಮೇಲೆ ಬರೆಯಲು ಏನಾದರೂ ಸಿಕ್ಕಿತು.

ಬರೆದದ್ದೇ 2015ರ ಜುಲೈ 14ರಂದು ವಿಯೆನ್ನಾದಲ್ಲಿ ಇರಾನ್ ಒಂದು ಕಡೆ, ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ ಇನ್ನೊಂದು ಕಡೆ ಕುಳಿತು ಮಾಡಿಕೊಂಡ ಒಪ್ಪಂದ. ಹತ್ತು ವರ್ಷ ನತಾಂಜ್‌ನಲ್ಲಿ 5,060 ಹಳೆಯ ಮಾದರಿಯ ಸೆಂಟ್ರಿಫ್ಯೂಜ್‌ಗಳು ಮಾತ್ರ ಸಂವರ್ಧನೆ ನಡೆಸಬಹುದು. ಹದಿನೈದು ವರ್ಷ ಸಂವರ್ಧನೆ ಶೇ 3.67 ದಾಟಬಾರದು, ದಾಸ್ತಾನು 300 ಕಿಲೋ ಮೀರಬಾರದು. ಪ್ಲುಟೋನಿಯಂ ಎಂಬ ಇನ್ನೊಂದು ಬಾಂಬ್ ಸಾಮಗ್ರಿಗೆ ದಾರಿಯಾಗಬಹುದಾಗಿದ್ದ ಅರಾಕ್ ರಿಯಾಕ್ಟರಿನ ಗರ್ಭಕ್ಕೆ ಕಾಂಕ್ರೀಟ್ ಸುರಿಯಬೇಕು. ಅದೇ ಡಿಸೆಂಬರ್‌ನಲ್ಲಿ ಇರಾನ್ ಸುಮಾರು 11 ಟನ್ ಸಂವರ್ಧಿತ ಯುರೇನಿಯಂ ಸಾಮಗ್ರಿಯನ್ನು ಹಡಗಿಗೆ ಹಾಕಿ ರಷ್ಯಾಕ್ಕೆ ಕಳುಹಿಸಿತು. ಒಂದು ಬಾಂಬಿಗೆ ಸಾಕಾಗುವಷ್ಟು ಸಾಮಗ್ರಿ ತಯಾರಿಸಲು ಇರಾನಿಗೆ ಬೇಕಾಗುವ ಕಾಲ ಎರಡು ಮೂರು ತಿಂಗಳಿನಿಂದ ಒಂದು ವರ್ಷಕ್ಕೆ ಏರಿತು ಎಂಬುದು ಅಮೆರಿಕದ ಅಂದಾಜು. ಅವಧಿ ಮುಗಿದ ಮೇಲೆ ಮಿತಿಗಳೂ ಮುಗಿಯುತ್ತವೆ, ಕ್ಷಿಪಣಿಗಳ ಮಾತು ಇಲ್ಲಿಲ್ಲ ಎಂಬ ಟೀಕೆಗಳಲ್ಲಿ ಹುರುಳಿತ್ತು. ಇಸ್ರೇಲಿನ ಭಯವೂ ಸುಳ್ಳಲ್ಲ, ತನ್ನ ಅಳಿವನ್ನು ಬಹಿರಂಗವಾಗಿ ಬಯಸುವ ಸರ್ಕಾರದ ಕೈಗೆ ಇಂತಹ ತಂತ್ರಜ್ಞಾನ ಸಿಕ್ಕರೆ ಯಾವ ದೇಶವಾದರೂ ಹೆದರುತ್ತದೆ. ಇಷ್ಟೆಲ್ಲ ಒಪ್ಪಿಕೊಂಡೂ ಹೇಳುತ್ತೇನೆ, ಸೆಂಟ್ರಿಫ್ಯೂಜ್‌ಗಳನ್ನು ಎಣಿಸಿ, ಮುದ್ರೆ ಹಾಕಿ, ಕ್ಯಾಮೆರಾ ಇಟ್ಟು ನಿಜವಾಗಿ ಕಡಿಮೆ ಮಾಡಿದ್ದು ಈ ಒಂದು ಒಪ್ಪಂದ.

ಇನ್ನು ನಾನು ಬಹಳ ಮುಖ್ಯವೆಂದು ಭಾವಿಸುವ ಭಾಗ. 2016ರ ಜನವರಿಯಲ್ಲಿ ನಿರ್ಬಂಧ ತೆರವಾಯಿತು ಎಂದು ಘೋಷಣೆಯಾದರೂ ದೊಡ್ಡ ಬ್ಯಾಂಕುಗಳು ಇರಾನಿನ ಹತ್ತಿರ ಸುಳಿಯಲಿಲ್ಲ. ಆ ಮೇ ತಿಂಗಳಿನಲ್ಲಿ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಸ್ವತಃ ಲಂಡನ್ನಿಗೆ ಹೋಗಿ, ಕಾನೂನುಬದ್ಧ ವ್ಯವಹಾರ ಮಾಡಿ, ಹೆದರಬೇಡಿ ಎಂದು ಯೂರೋಪಿನ ಬ್ಯಾಂಕಿನವರಿಗೆ ಹೇಳಬೇಕಾಯಿತು. ಅವರು ಹೆದರುತ್ತಲೇ ಉಳಿದರು. ಹೇರಲು ಒಂದು ಆದೇಶ ಸಾಕಾಗಿತ್ತು, ತೆಗೆಯಲು ಆದೇಶದ ಜೊತೆಗೆ ನಂಬಿಕೆಯೂ ಬೇಕಾಗಿತ್ತು. ಆ ನಂಬಿಕೆ ಹುಟ್ಟುವ ಮೊದಲೇ, 2018ರ ಮೇ 8ರಂದು, ಡೊನಾಲ್ಡ್ ಟ್ರಂಪ್ ಅಮೆರಿಕವನ್ನು ಒಪ್ಪಂದದಿಂದ ಹೊರತಂದರು. ಇರಾನ್ ತನ್ನ ಮಿತಿಗಳನ್ನು ಪಾಲಿಸುತ್ತಿದೆ ಎಂದು ವಿಯೆನ್ನಾದ ಸಂಸ್ಥೆ ಆಗಲೂ ಹೇಳುತ್ತಿತ್ತು. ಬ್ರಿಟನ್, ಫ್ರಾನ್ಸ್, ಜರ್ಮನಿಗಳು ಒಪ್ಪಂದ ಉಳಿಸಲು 2019ರಲ್ಲಿ ಇನ್‌ಸ್ಟೆಕ್ಸ್ ಎಂಬ ಬೇರೆಯೇ ಪಾವತಿ ವ್ಯವಸ್ಥೆ ಕಟ್ಟಿದವು. ಅದರ ಮೊದಲ ವಹಿವಾಟು, ಒಂದಿಷ್ಟು ವೈದ್ಯಕೀಯ ಸಾಮಗ್ರಿ, ನಡೆದದ್ದು 2020ರ ಮಾರ್ಚ್‌ನಲ್ಲಿ. 2023ರಲ್ಲಿ ಅದನ್ನು ಮುಚ್ಚಿಬಿಟ್ಟರು. ಅಷ್ಟು ಶ್ರೀಮಂತ ಸರ್ಕಾರಗಳು ಮನಸ್ಸು ಮಾಡಿದರೂ ಅಮೆರಿಕದ ಡಾಲರಿನ ಭಯವನ್ನು ಮೀರಲಾಗಲಿಲ್ಲ.

ಉತ್ತರ ಕೊರಿಯಾದ ಕಥೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. 1994ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದದಂತೆ ಅದು ತನ್ನ ಯೋಂಗ್‌ಬ್ಯೋನ್ ಪರಮಾಣು ಕೇಂದ್ರವನ್ನು ನಿಲ್ಲಿಸಿತು, ಬದಲಿಗೆ ವರ್ಷಕ್ಕೆ 5 ಲಕ್ಷ ಟನ್ ಉರುವಲು ತೈಲ ಮತ್ತು ಎರಡು ರಿಯಾಕ್ಟರ್‌ಗಳ ಭರವಸೆ ಪಡೆಯಿತು. ರಿಯಾಕ್ಟರ್ ಕೆಲಸ ತೆವಳಿತು, ಅತ್ತ ಉತ್ತರ ಕೊರಿಯಾ ಗುಟ್ಟಾಗಿ ಸಂವರ್ಧನೆಯ ದಾರಿ ಹಿಡಿದಿದೆ ಎಂಬ ಆರೋಪ ಬಂತು. 2002ರ ಕೊನೆಗೆ ಎಲ್ಲ ಕುಸಿಯಿತು, 2003ರ ಜನವರಿಯಲ್ಲಿ ಅದು ಪ್ರಸರಣ ತಡೆ ಒಪ್ಪಂದದಿಂದಲೇ ಹೊರಬಂತು. ಆಮೇಲೆ ಆರು ದೇಶಗಳು ಕುಳಿತು ಮಾತಾಡಿ, 2005ರ ಸೆಪ್ಟೆಂಬರ್ 19ರಂದು ಉತ್ತರ ಕೊರಿಯಾ ಅಣ್ವಸ್ತ್ರ ತ್ಯಜಿಸುವುದಾಗಿ ಹೇಳುವ ಜಂಟಿ ಹೇಳಿಕೆ ಹೊರಬಿತ್ತು. ಅದೇ ತಿಂಗಳಿನಲ್ಲಿ ಅಮೆರಿಕದ ಖಜಾನೆ ಇಲಾಖೆ, ಮಕಾವಿನ ಬಾಂಕೊ ಡೆಲ್ಟಾ ಏಷ್ಯಾ ಎಂಬ ಚಿಕ್ಕ ಬ್ಯಾಂಕು ಉತ್ತರ ಕೊರಿಯಾದ ಅಕ್ರಮ ಹಣ ಸಾಗಿಸುತ್ತಿದೆ ಎಂದು ಗುರುತು ಹಾಕಿತು. ಅಲ್ಲಿದ್ದ ಸುಮಾರು 2.5 ಕೋಟಿ ಡಾಲರ್ ಸ್ತಂಭಿಸಿತು. ಉತ್ತರ ಕೊರಿಯಾ ಮಾತುಕತೆಯಿಂದ ಎದ್ದುಹೋಯಿತು, 2006ರ ಅಕ್ಟೋಬರ್ 9ರಂದು ಮೊದಲ ಅಣ್ವಸ್ತ್ರ ಪರೀಕ್ಷೆ ನಡೆಸಿತು.

2007ರ ಫೆಬ್ರುವರಿಯಲ್ಲಿ ಮತ್ತೆ ಒಪ್ಪಂದವಾಗಿ, ಆ ಹಣ ಹಿಂದಿರುಗಿಸಲು ಅಮೆರಿಕವೇ ಒಪ್ಪಿತು. ಆದರೆ ಕಳಂಕ ಹಚ್ಚಿದ ಹಣವನ್ನು ಮುಟ್ಟಲು ಯಾವ ಬ್ಯಾಂಕೂ ತಯಾರಿರಲಿಲ್ಲ. ಹೇರಿದವನೇ ಬಂದು ತೆಗೆದುಕೊಳ್ಳಿ ಎಂದರೂ ಬ್ಯಾಂಕುಗಳು ಕೈಚಾಚಲಿಲ್ಲ. ತಿಂಗಳುಗಳ ಪರದಾಟದ ನಂತರ, ಜೂನ್‌ನಲ್ಲಿ, ಅಮೆರಿಕದ ಕೇಂದ್ರ ಬ್ಯಾಂಕಿನ ನ್ಯೂಯಾರ್ಕ್ ಶಾಖೆಯ ಮೂಲಕ ರಷ್ಯಾದ ಬ್ಯಾಂಕೊಂದಕ್ಕೆ ಹಣ ಸಾಗಿಸಬೇಕಾಯಿತು. ಹಣ ತಲುಪಿದ ಮೇಲೆ, ಜುಲೈನಲ್ಲಿ, ಯೋಂಗ್‌ಬ್ಯೋನ್ ರಿಯಾಕ್ಟರ್ ನಿಂತಿತು. ಆ ಶಾಂತಿ ಬಾಳಲಿಲ್ಲ, 2017ರವರೆಗೆ ಉತ್ತರ ಕೊರಿಯಾ ಒಟ್ಟು ಆರು ಪರೀಕ್ಷೆ ನಡೆಸಿತು. ಆ ದೇಶದ ಆಳರಸರನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ. ಆದರೆ 2.5 ಕೋಟಿ ಡಾಲರ್ ಹಿಂದಿರುಗಿಸುವ ದಾರಿ ತಿಳಿಯದೆ ಒಂದು ರಿಯಾಕ್ಟರ್ ತಿಂಗಳುಗಟ್ಟಲೆ ತಿರುಗಿತು ಎಂಬುದನ್ನು ನೆನೆದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ದೇಶವೂ ಈ ಏಟು ತಿಂದಿದೆ. 1974ರ ಪೋಖರಣ್ ಸ್ಫೋಟದ ನಂತರ ಕೆನಡಾ ಪರಮಾಣು ಸಹಕಾರ ನಿಲ್ಲಿಸಿತು, ಪರಮಾಣು ಸಾಮಗ್ರಿ ಪೂರೈಸುವ ದೇಶಗಳು ಕೂಡಿ ಒಂದು ಗುಂಪು ಕಟ್ಟಿಕೊಂಡವು. 1998ರ ಮೇ 11 ಮತ್ತು 13ರ ಪರೀಕ್ಷೆಗಳ ನಂತರ ಅಮೆರಿಕ ತನ್ನ ಕಾನೂನಿನಂತೆ ನಿರ್ಬಂಧ ಹೇರಿತು, ಜಪಾನ್ ನೆರವು ತಡೆಯಿತು. ಅಟಲ್ ಬಿಹಾರಿ ವಾಜಪೇಯಿ ಸರ್ಕಾರ ಅನಿವಾಸಿ ಭಾರತೀಯರಿಗೆ ಬಾಂಡ್ ಮಾರಿ 400 ಕೋಟಿ ಡಾಲರಿಗೂ ಹೆಚ್ಚು ಹಣ ತಂದಿತು. ಅಷ್ಟರಲ್ಲಿ ಅಮೆರಿಕದಲ್ಲೇ ಗೋಧಿ ಬೆಳೆಗಾರರು ಗಾಬರಿಯಾದರು, ಏಕೆಂದರೆ ಅವರ ಗೋಧಿಯ ದೊಡ್ಡ ಗಿರಾಕಿಯಾಗಿದ್ದ ಪಾಕಿಸ್ತಾನದ ಮೇಲೂ ಇದೇ ನಿರ್ಬಂಧ ಬಿದ್ದಿತ್ತು. ಎರಡೇ ತಿಂಗಳಿನಲ್ಲಿ, ಜುಲೈನಲ್ಲಿ, ಕೃಷಿ ಸರಕಿನ ಸಾಲಕ್ಕೆ ಅಮೆರಿಕದ ಸಂಸತ್ತು ವಿನಾಯಿತಿ ಕೊಟ್ಟಿತು. ಇತ್ತ ಭಾರತದ ಪರವಾಗಿ ಜಸ್ವಂತ್ ಸಿಂಗ್, ಅಮೆರಿಕದ ಪರವಾಗಿ ಸ್ಟ್ರೋಬ್ ಟಾಲ್ಬಟ್ ಎರಡು ವರ್ಷಕ್ಕೂ ಮೀರಿ, ಹದಿನಾಲ್ಕು ಸುತ್ತು ಮಾತಾಡಿದರು. ಭಾರತ ಅಣ್ವಸ್ತ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕಲಿಲ್ಲ, ಬಾಂಬನ್ನೂ ಬಿಡಲಿಲ್ಲ. ಆದರೆ ಇಬ್ಬರೂ ಪರಸ್ಪರ ತಿಳಿದರು. 2001ರ ಸೆಪ್ಟೆಂಬರ್‌ನಲ್ಲಿ ನಿರ್ಬಂಧಗಳ ಬಹುಭಾಗ ತೆರವಾಯಿತು, 2008ರಲ್ಲಿ ಆ ಪೂರೈಕೆದಾರರ ಗುಂಪೇ ಭಾರತಕ್ಕೆ ವಿನಾಯಿತಿ ನೀಡಿತು.

ಇದನ್ನು ಹೇಳಿದಾಗ ತರಗತಿಯಲ್ಲಿ ಹೆಮ್ಮೆಯ ಸದ್ದು ಏಳುತ್ತದೆ, ಅದರ ಜೊತೆಗೇ ನ್ಯಾಯದ ಪ್ರಶ್ನೆಯೂ ಬರುತ್ತದೆ: "ನಮಗೊಂದು, ಇರಾನಿಗೊಂದು ಏಕೆ?" ಭಾರತ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ, ಹಾಗಾಗಿ ಕೊಟ್ಟ ಮಾತು ಮುರಿಯಲಿಲ್ಲ. ಇರಾನ್ ಸಹಿ ಹಾಕಿ ಬಚ್ಚಿಟ್ಟಿತು. ಇದು ಕಾನೂನಿನ ಉತ್ತರ. ಚೀನಾಕ್ಕೆ ಎದುರಾಗಿ ಭಾರತ ಬೇಕು ಎಂಬ ಅಮೆರಿಕದ ಲೆಕ್ಕಾಚಾರವೂ ಅಲ್ಲಿತ್ತು, ಅದನ್ನು ಮುಚ್ಚಿಟ್ಟು ಪಾಠ ಹೇಳಲು ನನಗೆ ಆಗುವುದಿಲ್ಲ. 2005ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದೊಡನೆ ಪರಮಾಣು ಒಪ್ಪಂದದ ಮಾತು ನಡೆಯುತ್ತಿರುವಾಗಲೇ, ಭಾರತವು ವಿಯೆನ್ನಾದಲ್ಲಿ ಇರಾನಿನ ವಿರುದ್ಧ ಮತ ಹಾಕಿತು.

ಸಾಮಾನ್ಯ ಜನರ ಮೇಲೆ ಬೀಳುವ ಹೊರೆಯ ಬಗ್ಗೆ ಹೇಳದೆ ಈ ವಿಷಯ ಪೂರ್ಣವಾಗುವುದಿಲ್ಲ. ಕಾಗದದಲ್ಲಿ ಔಷಧ, ಆಹಾರಗಳಿಗೆ ಯಾವಾಗಲೂ ವಿನಾಯಿತಿ ಇರುತ್ತದೆ. ಆದರೆ ಔಷಧಕ್ಕೆ ಹಣ ಕಳುಹಿಸಬೇಕಾದ ಬ್ಯಾಂಕು ಹೆದರಿ ಹಿಂದೆ ಸರಿದರೆ ಆ ವಿನಾಯಿತಿಯಿಂದ ರೋಗಿಗೆ ಏನು ಬಂತು? ಚರ್ಮವು ಸ್ಪರ್ಶಕ್ಕೇ ಸುಲಿದು ಗುಳ್ಳೆಯೇಳುವ ಒಂದು ಅಪರೂಪದ ಕಾಯಿಲೆಯಿದೆ. ಆ ಮಕ್ಕಳ ಗಾಯಕ್ಕೆ ಕಟ್ಟುವ ವಿಶೇಷ ಪಟ್ಟಿ ಸ್ವೀಡನ್ನಿನಿಂದ ಇರಾನಿಗೆ ಬರುತ್ತಿತ್ತು. 2018ರ ನಂತರ ಅದು ನಿಂತುಹೋಯಿತು. ಆ ವರ್ಷದ ಅಕ್ಟೋಬರ್ 3ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಔಷಧ, ಆಹಾರ, ವಿಮಾನ ಸುರಕ್ಷತೆಯ ಬಿಡಿಭಾಗಗಳಿಗೆ ಅಡ್ಡಿ ಮಾಡಬಾರದು ಎಂದು ಅಮೆರಿಕಕ್ಕೆ ಮಧ್ಯಂತರ ಆದೇಶ ನೀಡಿತು. ಬ್ಯಾಂಕುಗಳ ಭಯ ಆ ಆದೇಶದಿಂದಲೂ ಹೋಗಲಿಲ್ಲ. 2015ರಲ್ಲಿ ಮುಕ್ತ ಮಾರುಕಟ್ಟೆಯಲ್ಲಿ ಒಂದು ಡಾಲರಿಗೆ ಮೂವತ್ತು ಸಾವಿರದ ಆಸುಪಾಸಿನಲ್ಲಿದ್ದ ಇರಾನಿನ ರಿಯಾಲ್, 2025ರಲ್ಲಿ ಹತ್ತು ಲಕ್ಷ ದಾಟಿತು. ಸಂಬಳದಲ್ಲಿ ಬದುಕುವ ಶಿಕ್ಷಕ, ದಾದಿ, ಗುಮಾಸ್ತರ ಉಳಿತಾಯವೆಲ್ಲ ಕರಗಿತು. ಕಳ್ಳಸಾಗಣೆಯ ದಾರಿಗಳ ಮೇಲೆ ಹಿಡಿತವಿದ್ದ ರೆವಲ್ಯೂಷನರಿ ಗಾರ್ಡ್ ಎಂಬ ಸೇನಾಪಡೆಯಂತಹ ಬಲಾಢ್ಯರು ಮಾತ್ರ ಬೆಳೆದರು. ಸರ್ಕಾರದ ಮೇಲೆ ಒತ್ತಡ ಹೇರಬೇಕಾದ ಮಧ್ಯಮ ವರ್ಗವನ್ನೇ ನಿರ್ಬಂಧ ಸವೆಸಿತು. ಇದನ್ನು ಅನಿವಾರ್ಯ ಅಡ್ಡಪರಿಣಾಮ ಎಂದು ಹೇಳಿ ಮುಂದೆ ಸಾಗುವ ವಿಶ್ಲೇಷಕರನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ.

2018ರ ನಂತರ ಏನಾಯಿತು ಎಂಬುದು ಹೆಚ್ಚು ವಿವರ ಬೇಡದ ಕಥೆ. ಒಂದು ವರ್ಷ ಕಾದ ಇರಾನ್, 2019ರ ಮೇ ತಿಂಗಳಿಂದ ಮಿತಿಗಳನ್ನು ಒಂದೊಂದಾಗಿ ಮೀರಿತು. 2020ರ ನವೆಂಬರ್‌ನಲ್ಲಿ ಅದರ ಪರಮಾಣು ವಿಜ್ಞಾನಿ ಮೊಹ್ಸೆನ್ ಫಖ್ರಿಜಾದೆಯ ಹತ್ಯೆಯಾಯಿತು. 2021ರ ಜನವರಿಯಲ್ಲಿ ಸಂವರ್ಧನೆ ಶೇ 20ಕ್ಕೆ, ಏಪ್ರಿಲ್‌ನಲ್ಲಿ ಶೇ 60ಕ್ಕೆ ಏರಿತು. ಒಪ್ಪಂದ ಜೀವಂತಗೊಳಿಸುವ ವಿಯೆನ್ನಾ ಮಾತುಕತೆ ನಡೆಯಿತು, ನಿಂತಿತು. ಮುಂದಿನ ಅಧ್ಯಕ್ಷ ಇದನ್ನು ಹರಿದುಹಾಕುವುದಿಲ್ಲ ಎಂದು ಖಾತರಿ ಕೊಡಿ ಎಂಬುದು ಇರಾನಿನ ದೊಡ್ಡ ಬೇಡಿಕೆಗಳಲ್ಲಿ ಒಂದಾಗಿತ್ತು, ಅಂತಹ ಖಾತರಿ ಕೊಡುವ ಅಧಿಕಾರ ಅಮೆರಿಕದ ಯಾವ ಅಧ್ಯಕ್ಷನಿಗೂ ಇಲ್ಲ. 2025ರಲ್ಲಿ ಒಮಾನ್ ಮಧ್ಯಸ್ಥಿಕೆಯಲ್ಲಿ ಮತ್ತೆ ಮಾತು ಆರಂಭವಾಗಿ, ಮುಂದಿನ ಸುತ್ತಿಗೆ ದಿನ ಗೊತ್ತಾಗಿದ್ದಾಗಲೇ, ಜೂನ್ 13ರಂದು ಇಸ್ರೇಲ್ ದಾಳಿ ಮಾಡಿತು. 22ರಂದು ಅಮೆರಿಕ ಫೋರ್ದೊ, ನತಾಂಜ್, ಇಸ್ಫಹಾನ್‌ಗಳ ಪರಮಾಣು ಕೇಂದ್ರಗಳ ಮೇಲೆ ಬಾಂಬ್ ಹಾಕಿತು. ಕಟ್ಟಡಗಳು ಬಿದ್ದವು. ದಾಳಿಯ ಹೊತ್ತಿಗೆ ಇರಾನಿನ ಬಳಿ ಶೇ 60ರ ಯುರೇನಿಯಂ 440.9 ಕಿಲೋ ಇತ್ತೆಂದು ವಿಯೆನ್ನಾದ ಸಂಸ್ಥೆಯ ಅಂದಾಜು. ಜುಲೈನಲ್ಲಿ ಇರಾನ್ ಆ ಸಂಸ್ಥೆಯೊಡನೆ ಸಹಕಾರ ಸ್ಥಗಿತಗೊಳಿಸುವ ಕಾನೂನು ತಂದಿತು, ಹಾಗಾಗಿ ಆ 440 ಕಿಲೋವನ್ನು ಹೊರಗಿನವರಾರೂ ತೂಗಿ ನೋಡಲಾಗಲಿಲ್ಲ.

2015ರ ಒಪ್ಪಂದದಲ್ಲಿ ಇದ್ದ ಒಂದು ಜಾಣ ಏರ್ಪಾಡು ಆಗ ಕೆಲಸಕ್ಕೆ ಬಂತು. ಒಪ್ಪಂದದ ಯಾವ ಪಾಲುದಾರನಾದರೂ ಇರಾನ್ ಮಾತು ತಪ್ಪಿದೆ ಎಂದು ದೂರಿದರೆ, ಮೂವತ್ತು ದಿನಗಳಲ್ಲಿ ಹಳೆಯ ನಿರ್ಬಂಧಗಳು ತಾವಾಗಿಯೇ ಮರಳುತ್ತವೆ. ತಡೆಯಲು ಹೊಸ ನಿರ್ಣಯ ಬೇಕು, ಅದನ್ನು ಒಂದೇ ವೀಟೊ ಕೊಲ್ಲಬಹುದು. ರಷ್ಯಾ, ಚೀನಾಗಳ ವೀಟೊವನ್ನು ನಿರುಪಯೋಗಿ ಮಾಡಲೆಂದೇ ಹೆಣೆದದ್ದಿದು. 2025ರ ಆಗಸ್ಟ್ 28ರಂದು ಬ್ರಿಟನ್, ಫ್ರಾನ್ಸ್, ಜರ್ಮನಿಗಳು ದೂರು ಕೊಟ್ಟವು, ಸೆಪ್ಟೆಂಬರ್ ಕೊನೆಗೆ ನಿರ್ಬಂಧಗಳು ಮರಳಿದವು. ರಷ್ಯಾ, ಚೀನಾ, ಇರಾನ್ ಇದಕ್ಕೆ ಕಾನೂನಿನ ಬಲವಿಲ್ಲ ಎಂದವು. ಮರಳಿ ಹೇರುವುದನ್ನು ಇಷ್ಟು ಸರಾಗ ಮಾಡಿದವರು, ತೆರವಿನ ಲಾಭ ಇರಾನಿನ ಜನರಿಗೆ ತಲುಪುವುದನ್ನೂ ಅಷ್ಟೇ ಜಾಣತನದಿಂದ ಹೆಣೆದಿದ್ದರೆ? ಅಮೆರಿಕದ ಸಂಸತ್ತಿನ ನಿರ್ಬಂಧಗಳನ್ನು ಆಗ ರದ್ದು ಮಾಡಿರಲಿಲ್ಲ, ಅಧ್ಯಕ್ಷರು 120 ಅಥವಾ 180 ದಿನಗಳಿಗೊಮ್ಮೆ ಸಹಿ ಹಾಕಿ ಮುಂದೂಡುತ್ತಿದ್ದರು ಅಷ್ಟೆ. ಇತ್ತ 11 ಟನ್ ಸಾಮಗ್ರಿ ರಷ್ಯಾ ಸೇರಿಯಾಗಿತ್ತು.

ಹಾಗಾಗಿ ಮುಂದೆ ಯಾರೇ ಮಾತಿಗೆ ಕುಳಿತರೂ ಎರಡು ಕಡೆಯ ಹೆಜ್ಜೆಗಳು ಒಂದೇ ತೂಕದವಾಗಿರಬೇಕಾಗುತ್ತದೆ. ತನಿಖಾಧಿಕಾರಿಗಳು ಒಳಗೆ ಹೋಗಿ ಆ 440 ಕಿಲೋವನ್ನು ಮೊದಲು ಎಣಿಸಬೇಕು, ಆಮೇಲೆ ಅದು ದೇಶದಿಂದ ಹೊರಹೋಗಬೇಕು ಅಥವಾ ಕೆಳಮಟ್ಟಕ್ಕೆ ಬೆರೆಸಲ್ಪಡಬೇಕು. ಅದಕ್ಕೆ ಪ್ರತಿಯಾಗಿ ಇರಾನ್ ಮುಟ್ಟಿ ನೋಡಬಹುದಾದ ಏನಾದರೂ ಸಿಗಬೇಕು. 2023ರಲ್ಲಿ ಕೈದಿಗಳ ವಿನಿಮಯದ ಭಾಗವಾಗಿ ದಕ್ಷಿಣ ಕೊರಿಯಾದಲ್ಲಿದ್ದ ಇರಾನಿನ 600 ಕೋಟಿ ಡಾಲರ್ ಕತಾರಿನ ಬ್ಯಾಂಕುಗಳಿಗೆ ಬಂತು, ಆಹಾರ ಮತ್ತು ಔಷಧಗಳಿಗೆ ಮಾತ್ರ ಎಂಬ ಷರತ್ತಿನೊಡನೆ. ಅದೇ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ ನಂತರ ಅಮೆರಿಕವೂ ಕತಾರೂ ಆ ಹಣ ಬಿಡದಿರಲು ಮಾತಾಡಿಕೊಂಡವು. ಅಮೆರಿಕದ ಸಂಸತ್ತೇ ಕಾನೂನು ತಿದ್ದಿ ಒಪ್ಪುವ ತೆರವು, ಔಷಧ ಮತ್ತು ಆಹಾರದ ಪಾವತಿಗೆ ಸರ್ಕಾರಗಳೇ ಹೊಣೆ ಹೊತ್ತ ಒಂದು ಬ್ಯಾಂಕು, ಕೊಲ್ಲಿಯ ನೆರೆಯ ದೇಶಗಳೂ ಪಾಲು ಹೊಂದಿ ಒಳಗೆ ಕಣ್ಣಿಡುವಂತಹ ಜಂಟಿ ಸಂವರ್ಧನಾ ಕೇಂದ್ರ: ಇವುಗಳಲ್ಲಿ ಕೊನೆಯದು 2025ರ ಮಾತುಕತೆಯಲ್ಲೇ ಪ್ರಸ್ತಾಪವಾಗಿತ್ತು, ಆದರೆ ಆ ಕೇಂದ್ರ ಇರಾನಿನ ನೆಲದಲ್ಲಿರಬೇಕೋ ಹೊರಗಿರಬೇಕೋ ಎಂಬಲ್ಲಿ ಎರಡೂ ಕಡೆಯವರು ಪಟ್ಟು ಹಿಡಿದರು.